ಕವಿಗೋಷ್ಠಿಯಲ್ಲಿ ಕವಿಗೆ ಮೂರೇ ನಿಮಿಷ

ನಮ್ಮ ಕಡೆಯ ಕವಿಗೋಷ್ಠಿಗಳಿಗೆ ಹೋಗಿ ಬರುವವರಿಗೆ ಅದರ ಕ್ರಮ ಬಾಯಿಪಾಠ ಬಂದಿರುತ್ತದೆ. ಅಸರ್ ನಮಾಝಿನ ನಂತರ ಸಭೆ ಶುರು. ಕಿರಾಅತ್, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ನಾಲ್ಕೈದು ಮಂದಿ ಮುಖ್ಯ ಅತಿಥಿಗಳ ಮಾತು, ಶಾಲು, ಸ್ಮರಣಿಕೆ, ಫೋಟೊ. ಇಷ್ಟು ಮುಗಿಯುವಾಗ ಮಗ್ರಿಬ್ ಬಾಂಗ್ ಆಗುತ್ತದೆ. ನಮಾಝಿಗೆ ಎದ್ದು ಹೋದವರಲ್ಲಿ ಅರ್ಧ ಜನ ವಾಪಸ್ ಬರುವುದಿಲ್ಲ. ಆಮೇಲೆ ಹತ್ತು ಹನ್ನೆರಡು ಕವಿಗಳನ್ನು ಸಾಲಾಗಿ ಕೂರಿಸಿ, “ಒಬ್ಬರಿಗೆ ಒಂದೇ ಕವನ, ಮೂರೇ ನಿಮಿಷ” ಅಂತ ನಿರೂಪಕರು ಹೇಳ್ತಾರೆ. ಕಾರ್ಯಕ್ರಮ ಯಾರ ಹೆಸರಿನಲ್ಲೋ ಅವರಿಗೇ ಮೂರು ನಿಮಿಷ!

ಕನ್ನಡದ ಕವಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಅವರಿಗೆ ಪತ್ರಿಕೆ ಉಂಟು, ಪುಸ್ತಕ ಉಂಟು, ಶಾಲೆಯ ಪಾಠ ಉಂಟು. ಬ್ಯಾರಿ ಕವಿಗೆ ಆ ದಾರಿಗಳೆಲ್ಲ ಬಹಳ ಸಪೂರ. ನಮ್ಮ ಮಕ್ಕಳನ್ನೇ ನೋಡಿ. ಮದ್ರಸದಲ್ಲಿ ಅರಬಿ ಓದ್ತಾರೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಮೊದಲಿನವರು ಕಿತಾಬು ಓದಿದ್ದು ಅರಬಿ ಮಲಯಾಳದಲ್ಲಿ. ಬ್ಯಾರಿ ಇರುವುದು ಪಾಠ ಅರ್ಥ ಮಾಡಿಸಲಿಕ್ಕೆ, ಬೈಯಲಿಕ್ಕೆ, ಮುದ್ದು ಮಾಡಲಿಕ್ಕೆ. ಬ್ಯಾರಿಯಲ್ಲಿ ಅಚ್ಚಾದ ಒಂದು ಪುಟ ಹೆಚ್ಚಿನ ಮಕ್ಕಳ ಕೈಗೆ ಸಿಗುವುದೇ ಇಲ್ಲ. ಹಾಗಿರುವಾಗ ತಮ್ಮ ಮನೆಮಾತಿನಲ್ಲಿ ಕವಿತೆಯೂ ಆಗುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕಾದರೆ ಯಾರಾದರೂ ಎದುರು ನಿಂತು ಓದಬೇಕು.

ಕೆಲಸ ಆಗಿಲ್ಲ ಅಂತಲ್ಲ. ಕನ್ನಡದ ಕವಿ, ಉಳ್ಳಾಲದ ಶಾಸಕರಾಗಿದ್ದ ಬಿ.ಎಂ. ಇದಿನಬ್ಬರು ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಮಾಡಿತು. ಅಕ್ಟೋಬರ್ 3ನ್ನು ಬ್ಯಾರಿ ಭಾಷಾ ದಿನವಾಗಿ ಆಚರಿಸುತ್ತಾ ಬಂದಿದ್ದೇವೆ. ಪುಸ್ತಕಗಳೂ ಬಂದಿವೆ. ಆದರೆ ಕನ್ನಡ ಲಿಪಿಯಲ್ಲಿ ಬರೆದ ಬ್ಯಾರಿಯನ್ನು ಬರೀ ಕಣ್ಣಲ್ಲಿ ಓದುವಾಗ ಬ್ಯಾರಿಗಳೇ ಎಡವುತ್ತಾರೆ. ಪದದ ಕೊನೆಯ ಅರ್ಧ ಸ್ವರ ಕಾಗದದ ಮೇಲೆ ಸರಿಯಾಗಿ ಕೂರುವುದಿಲ್ಲ. ಅರಬಿಯಿಂದ ಬಂದ ಪದಗಳ ಉಚ್ಚಾರಕ್ಕೂ ಅದೇ ಕಷ್ಟ. ಇನ್ನು ಮಂಗಳೂರಿನ ಬ್ಯಾರಿ ಒಂದು ರೀತಿ, ಉಡುಪಿ ಕಡೆಯದ್ದು ಇನ್ನೊಂದು, ಘಟ್ಟ ಹತ್ತಿ ಚಿಕ್ಕಮಗಳೂರಿಗೆ ಹೋದರೆ ಮತ್ತೊಂದು. ಕವಿ ಬಾಯಿ ತೆರೆದರೆ ಊರು ಗೊತ್ತಾಗುತ್ತದೆ. ಆ ರುಚಿ ಪುಸ್ತಕದಲ್ಲಿ ಅರ್ಧ ಮಾತ್ರ ಸಿಗುವುದು.

“ಉಸ್ತಾದರೇ, ಕವನ ಓದುವುದೆಲ್ಲ ನಮಗೆ ಬೇಕಾ?” ಅಂತ ಕೇಳುವ ಹಿರಿಯರು ಈಗಲೂ ಇದ್ದಾರೆ. ಪ್ರವಾದಿಯವರು ಹಸ್ಸಾನ್ ಬಿನ್ ಸಾಬಿತರಿಗೆ ಕವಿತೆ ಹೇಳಲು ಮದೀನದ ಮಸೀದಿಯಲ್ಲೇ ಮಿಂಬರ್ ಇಡಿಸಿದ್ದನ್ನು ನಾವು ಅವರಿಗೆ ನೆನಪಿಸುತ್ತೇವೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದರು 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ಕಿತಾಬು ನೋಡದೆ ಹೇಳುವ ಅಜ್ಜಿಯಂದಿರು ನಮ್ಮ ಮನೆಗಳಲ್ಲೇ ಇದ್ದರಲ್ಲ? ಅಕ್ಷರ ಬಾರದವರೂ ಹೇಳುತ್ತಿದ್ದರು. ಕವಿತೆ ನಮಗೆ ಹೊರಗಿನಿಂದ ಬಂದದ್ದಲ್ಲ.

ಅಜ್ಜಿಯಂದಿರ ಮಾತು ಬಂತು. ಮದುವೆ ಮನೆಯ ಕೈಕೊಟ್ಟು ಪಾಟ್ ಹೆಂಗಸರದ್ದೇ ಸಂಪತ್ತು. ಒಬ್ಬರು ಸಾಲು ಹೇಳಬೇಕು, ಉಳಿದವರು ಕೈ ತಟ್ಟಿ ತಿರುಗಿ ಹೇಳಬೇಕು. ಈಗ ಹಾಲ್ ಬಂತು, ಸ್ಪೀಕರ್ ಬಂತು, ಪೆನ್‌ಡ್ರೈವಿನ ಹಾಡು ಬಂತು. ಆ ಪಾಟ್ ಪೂರ್ತಿ ಗೊತ್ತಿರುವವರಿಗೆ ಪ್ರಾಯ ಆಗಿದೆ. ಅವರನ್ನು ನಾವು ಯಾವತ್ತಾದರೂ ಅತಿಥಿ ಕವಿ ಅಂತ ಕರೆದಿದ್ದೇವಾ? ಹೆಂಗಸರ ಕಡೆ ಕುರ್ಚಿ ಹಾಕುತ್ತೇವೆ, ಚಹಾ ಕಳಿಸುತ್ತೇವೆ, ಮೈಕ್ ಮಾತ್ರ ಕಳಿಸುವುದಿಲ್ಲ. ಉಮ್ಮಂದಿರಲ್ಲಿ ಬರೆಯುವವರೂ ಇದ್ದಾರೆ, ಮೊಬೈಲಿನಲ್ಲಿ ಬರೆದು ಇಟ್ಟುಕೊಂಡಿರುತ್ತಾರೆ.

ಅತಿಥಿ ಕವಿಗಳ ಬಗ್ಗೆ ನಮ್ಮ ತಕರಾರು ಏನಿಲ್ಲ. ಬಹುಭಾಷಾ ಗೋಷ್ಠಿಗೆ ತುಳು, ಕೊಂಕಣಿ, ಕನ್ನಡದವರು ಬಂದು ಓದುವಾಗ ಸಭೆಗೇ ಒಂದು ಕಳೆ. ನಮ್ಮ ಜಿಲ್ಲೆಯಲ್ಲಿ ಇವತ್ತಿನ ಕಾಲದಲ್ಲಿ ಅಷ್ಟು ಭಾಷೆಯವರು ಒಂದೇ ಬೆಂಚಿನಲ್ಲಿ ಕೂತು ಒಬ್ಬರದ್ದೊಬ್ಬರು ಕೇಳುವುದು ಸಣ್ಣ ವಿಷಯ ಅಲ್ಲ. ತೊಂದರೆ ಇರುವುದು ಅತಿಥಿಗೆ ಮೊದಲು ಮೈಕ್ ಕೊಡುವುದರಲ್ಲಿ. ಅವರು ಅರ್ಧ ಗಂಟೆ ಮಾತಾಡಿ, ಎರಡು ಕವನ ಓದಿ, ಇನ್ನೊಂದು ಕಾರ್ಯಕ್ರಮ ಉಂಟು ಅಂತ ಕಾರು ಹತ್ತುತ್ತಾರೆ. ಊರಿನ ಹುಡುಗ ಅವರಿಗೆ ಕೇಳಿಸಬೇಕು ಅಂತ ಒಂದು ವಾರ ತಿದ್ದಿ ತಂದ ಕವನ ಖಾಲಿ ಕುರ್ಚಿಗೆ ಓದುವುದಾಗುತ್ತದೆ. ಅತಿಥಿಯನ್ನು ಕೊನೆಗೆ ಇಡಲಿ. ಬ್ಯಾರಿ ಕವನಗಳ ಸಾರಾಂಶ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಅವರ ಕೈಗೆ ಕೊಡಲಿ. “ನಿನ್ನ ಆ ಸಾಲು ಒಳ್ಳೇದಿತ್ತು ಮಾರಾಯ” ಎಂದು ದೊಡ್ಡ ಕವಿಯೊಬ್ಬರು ಹೇಳಿದರೆ ಆ ಹುಡುಗ ಹತ್ತು ವರ್ಷ ಬರೆಯುತ್ತಾನೆ.

ಈಗಿನ ಮಕ್ಕಳು ಓಪನ್ ಮೈಕ್ ಅಂತ ಮಾಡ್ತಾರೆ. ಅದರಲ್ಲಿ ನಮಗೆ ಹಿಡಿಸುವುದು ಒಂದೇ, ಬಾಗಿಲಲ್ಲಿ ಹೆಸರು ಬರೆದರೆ ಸಾಕು, ಶಾಲೂ ಇಲ್ಲ, ಆಮಂತ್ರಣವೂ ಇಲ್ಲ. ಗಲ್ಫಿನಲ್ಲಿರುವ ಉಪ್ಪನ ಬಗ್ಗೆ ಪಿಯುಸಿ ಹುಡುಗನೊಬ್ಬ ನಾಲ್ಕು ಸಾಲು ಬರೆದಿದ್ದರೆ ಅವನಿಗೂ ಒಂದು ಸರದಿ ಸಿಗುತ್ತದೆ. ಚಪ್ಪಾಳೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಸಿನೆಮಾ ಧಾಟಿಗೆ ಕೂರಿಸಿ ಹಾಡಿದರೆ ಸಪ್ಪೆ ಕವನಕ್ಕೂ ಸಭೆ ಏಳುತ್ತದೆ, ಧಾಟಿ ಇಲ್ಲದೆ ಮೆಲ್ಲಗೆ ಓದಿದವನಿಗೆ ಯಾರೂ ಕೈ ತಟ್ಟುವುದಿಲ್ಲ. ಮದ್ರಸದ ಮೀಲಾದ್ ವೇದಿಕೆಯಿಂದಲೇ ನಮಗೆ ಈ ಅಭ್ಯಾಸ ಆಗಿದೆ, ಒಳ್ಳೆಯ ಸ್ವರ ಇದ್ದವನಿಗೇ ಬಹುಮಾನ.

ಬರುವ ಅಕ್ಟೋಬರ್ 3ಕ್ಕೆ ಆಮಂತ್ರಣ ಅಚ್ಚು ಹಾಕಿಸುವವರು ಒಮ್ಮೆ ಕವಿಗಳ ಹೆಸರು ಮೇಲೆ, ಅತಿಥಿಗಳ ಹೆಸರು ಕೆಳಗೆ ಹಾಕಿ ನೋಡಲಿ. ಸನ್ಮಾನವನ್ನು ಮಗ್ರಿಬ್ ನಂತರಕ್ಕೆ ಇಟ್ಟರೆ ನಮಾಝಿಗೆ ಹೋದವರೂ ತಿರುಗಿ ಬರುತ್ತಾರೆ. ಹೆಂಗಸರ ಕಡೆಗೂ ಒಂದು ಮೈಕ್ ಹೋಗಲಿ, ವಯರಿಲ್ಲದ್ದು ಈಗ ಬಾಡಿಗೆಗೆ ಸಿಗುತ್ತದೆ.