ಪ್ರಿಂಟರ್ ಕೂಗಿದರೂ ಕೇಳಿಸಿಕೊಳ್ಳದ ಫೈರ್‌ವಾಲ್

1985ರಲ್ಲಿ ಆಪಲ್‌ಟಾಕ್ ಬಂದಾಗ ಮ್ಯಾಕಿಂಟಾಷ್‌ಗೆ ಪ್ರಿಂಟರಿನ ವಿಳಾಸ ತುಂಬುವ ತಾಪತ್ರಯವೇ ಇರಲಿಲ್ಲ. ‘ಚೂಸರ್’ ತೆರೆದರೆ ಕಚೇರಿಯ ಪ್ರಿಂಟರ್‌ಗಳೆಲ್ಲ ಹೆಸರು ಸಮೇತ ಹಾಜರ್. ಇಂಟರ್‌ನೆಟ್ಟಿನ ಐಪಿ ಅದನ್ನು ಮೂಲೆಗೆ ತಳ್ಳಿದ ಮೇಲೆ ಆ ಸುಖ ಹೋಯಿತು. ಐಪಿಯಲ್ಲೂ ಅದನ್ನು ತರಲೇಬೇಕೆಂದು ಹಟ ಹಿಡಿದವರಲ್ಲಿ ಮುಖ್ಯರು ಸ್ಟುವರ್ಟ್ ಚೆಷೈರ್. ಆಪಲ್ 2002ರಲ್ಲಿ ಆ ತಂತ್ರವನ್ನು ‘ರಾಂಡೆವೂ’ ಎಂದು ಬಿಡುಗಡೆ ಮಾಡಿತು. ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ 2005ರಲ್ಲಿ ಅದೇ ‘ಬಾನ್‌ಜೂರ್’ ಆಯಿತು. ಲಿನಕ್ಸ್‌ನವರು ಈ ಕೆಲಸಕ್ಕೆ ‘ಅವಾಹಿ’ ಕಟ್ಟಿಕೊಂಡರು.

‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ಕಂಪ್ಯೂಟರ್ 224.0.0.251 ಎಂಬ ಸಾಮೂಹಿಕ ವಿಳಾಸದ 5353ನೇ ಪೋರ್ಟಿಗೆ ಕೇಳುತ್ತದೆ, ಕೇರಿಯಲ್ಲಿ ನಿಂತು ಕೂಗಿದ ಹಾಗೆ. ಇದ್ದವರು ಓಗೊಡುತ್ತಾರೆ. ಕೇರಿಯವರೆಲ್ಲ ನಂಬಿಕಸ್ಥರೆಂಬುದು ಇಲ್ಲಿನ ಎಣಿಕೆ.

ಅದೇ ಹೊತ್ತಿನಲ್ಲಿ ವಿಂಡೋಸ್ ಕಲಿತದ್ದು ಇದಕ್ಕೆ ತದ್ವಿರುದ್ಧ ಪಾಠ. 2001ರ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ 135ನೇ ಪೋರ್ಟಿನಿಂದ ನುಗ್ಗಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ತೇಪೆ ಜುಲೈನಲ್ಲೇ ಸಿದ್ಧವಿತ್ತು, ಹಾಕಿಕೊಂಡವರು ಸಾಲದಾದರು. 2004ರ ಸರ್ವೀಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿತು. ಎಷ್ಟೋ ಆಂಟಿವೈರಸ್‌ಗಳಿಗಿಂತ ಆ ಒಂದು ಸ್ವಿಚ್ಚಿನ ಉಪಕಾರವೇ ದೊಡ್ಡದೆಂದು ನನ್ನ ಲೆಕ್ಕ.

ತಂಟೆ ಶುರುವಾದದ್ದೂ ಅಲ್ಲೇ. ಯಾರನ್ನು ಕೇಳಿದೆನೋ ಅವರದೇ ಉತ್ತರವಾದರೆ ಒಳಗೆ ಬಿಡುವುದು ಫೈರ್‌ವಾಲಿನ ನೇಮ. ಇಲ್ಲಿ ಪ್ರಶ್ನೆ ಹೋದದ್ದು ಗುಂಪಿನ ವಿಳಾಸಕ್ಕೆ, ಉತ್ತರ ಬಂದದ್ದು ಪ್ರಿಂಟರಿನ ಸ್ವಂತ ವಿಳಾಸದಿಂದ. ಬೇರೆ ನಿಯಮ ಬರೆದಿಡದಿದ್ದರೆ ಅದು ಅಪರಿಚಿತನ ಮಾತು, ಬಾಗಿಲಲ್ಲೇ ಬಿತ್ತು. ಪರದೆಯ ಮೇಲೆ ಮಾತ್ರ ‘ಪ್ರಿಂಟರ್ ಸಿಗಲಿಲ್ಲ’ ಎಂಬಷ್ಟೇ ಸುದ್ದಿ.

ಕೇರಿಯವರನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನವನ್ನು ವಿಂಡೋಸ್ ವಿಸ್ತಾ ಬಳಕೆದಾರನ ತಲೆಗೆ ಕಟ್ಟಿತು: ಇದು ಮನೆಯೋ, ಕಚೇರಿಯೋ, ಸಾರ್ವಜನಿಕ ಜಾಗವೋ? ಲಿನಕ್ಸ್‌ನ ಉಬುಂಟು 2008ರಿಂದ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಕೊಟ್ಟರೂ ಆಫ್ ಇಟ್ಟೇ ಕೊಟ್ಟಿತು. ತೆರೆದ ಪೋರ್ಟ್‌ಗಳೇ ಇಲ್ಲದಿದ್ದರೆ ಕಾವಲೇಕೆ ಎಂಬ ತರ್ಕ, ಅವಾಹಿಗೆ ಮಾತ್ರ ವಿನಾಯಿತಿ. 2014ರ ಫೆಡೋರಾ 21 ವರ್ಕ್‌ಸ್ಟೇಷನ್ನಂತೂ 1025ರಿಂದ 65535ರವರೆಗಿನ ಪೋರ್ಟ್‌ಗಳೆಲ್ಲವನ್ನೂ ತೆರೆದಿಟ್ಟಿತು. ಕೆಲಸ ಕೆಟ್ಟರೆ ಜನ ಫೈರ್‌ವಾಲನ್ನೇ ಕಿತ್ತೆಸೆಯುತ್ತಾರೆ ಎಂಬ ಅದರ ಪರವಾದ ವಾದ ಸುಳ್ಳೇನಲ್ಲ. ಆದರೂ 64,511 ಪೋರ್ಟ್ ತೆರೆದ ಮೇಲೆ ಕಾವಲಿಗೆ ಉಳಿದದ್ದೆಷ್ಟು?

2020ರ ಐಓಎಸ್ 14 ಇನ್ನೊಂದು ದಾರಿ ಹಿಡಿಯಿತು: ಸ್ಥಳೀಯ ನೆಟ್‌ವರ್ಕ್ ನೋಡಬೇಕಾದರೆ ಪ್ರತಿ ಆ್ಯಪ್ ಅನುಮತಿ ಕೇಳಬೇಕು. 2024ರ ಮ್ಯಾಕ್‌ಓಎಸ್ ಸಿಕೋಯಾ ಅದನ್ನು ಡೆಸ್ಕ್‌ಟಾಪಿಗೂ ತಂದಿತು. ಈಗ ಅನುಮಾನ ಹೊರಗಿನ ವರ್ಮ್ ಮೇಲಷ್ಟೇ ಅಲ್ಲ, ಮನೆಯಲ್ಲಿ ಯಾವ ಟೀವಿ, ಯಾವ ಸ್ಪೀಕರ್ ಇದೆಯೆಂದು ಎಣಿಸಲು ಹೊರಟ ನಮ್ಮದೇ ಆ್ಯಪ್ ಮೇಲೂ.