ಸೆನ್ಸರ್ ಹೊಸದು, ಕಾರು ಮಾತ್ರ ಸ್ಟಾರ್ಟ್ ಆಗುತ್ತಿಲ್ಲ

ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಕ್ರ್ಯಾಂಕ್ ಸೆನ್ಸರ್ ಬದಲಿಸಿದ ಮೇಲೆ ಪೆಟ್ರೋಲ್ ಕಾರೊಂದು ಹೀಗೆ ನಿಂತುಬಿಟ್ಟರೆ ಅನುಮಾನ ಮೊದಲು ಹೋಗುವುದು ಫ್ಯುಯೆಲ್ ಪಂಪಿನ ಮೇಲೆ, ಆಮೇಲೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಮೇಲೆ. ಎರಡೂ ದುಬಾರಿ. ಆಗತಾನೇ ಹಾಕಿದ ಸೆನ್ಸರನ್ನು ಮಾತ್ರ ಯಾರೂ ಶಂಕಿಸುವುದಿಲ್ಲ, ಹೊಸದಲ್ಲವೇ! ಆದರೆ ಹುಡುಕಾಟ ಶುರುವಾಗಬೇಕಾದದ್ದು ಕೊನೆಗೆ ಕೈಯಾಡಿಸಿದ ಆ ಜಾಗದಿಂದಲೇ.

ಕ್ರ್ಯಾಂಕ್‌ಶಾಫ್ಟ್ ಯಾವ ಕೋನದಲ್ಲಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಇಸಿಯುಗೆ ತಿಳಿಯುವುದು ಈ ಸೆನ್ಸರಿನಿಂದ. ಶಾಫ್ಟಿನ ಜೊತೆ ತಿರುಗುವ ಹಲ್ಲಿನ ಚಕ್ರದ ಎದುರು ಅದು ಕೂತಿರುತ್ತದೆ. ಹಲವು ಕಾರುಗಳಲ್ಲಿ ಈ ಚಕ್ರಕ್ಕೆ 60 ಹಲ್ಲುಗಳಷ್ಟು ಜಾಗವಿದ್ದರೂ ಇರುವುದು 58 ಹಲ್ಲು; ಒಂದೊಂದಕ್ಕೆ 6 ಡಿಗ್ರಿ. ಎರಡು ಹಲ್ಲಿಲ್ಲದ ಆ ಖಾಲಿ ಜಾಗ ಎದುರಾದಾಗಲೇ ಪಿಸ್ಟನ್ ಎಲ್ಲಿದೆ ಎಂಬ ಲೆಕ್ಕ ಸಿಗುವುದು. ಲೆಕ್ಕ ಸಿಗದಿದ್ದರೆ ಬಹುತೇಕ ಕಾರುಗಳಲ್ಲಿ ಇಸಿಯು ಕಿಡಿ ಕೊಡುವುದಿಲ್ಲ, ಇಂಜೆಕ್ಟರ್ ತೆರೆಯುವುದಿಲ್ಲ, ಪಂಪನ್ನೂ ನಿಲ್ಲಿಸಿಬಿಡುತ್ತದೆ. ಪಂಪೇ ಕೆಟ್ಟಿದೆ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲಿ. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ 'ಗುಂಯ್' ಎಂಬ ಸದ್ದು ಬಂದು ನಿಂತರೆ ಪಂಪ್ ತಿರುಗುತ್ತಿದೆ ಎಂದೇ ಅರ್ಥ.

ಸ್ಕ್ಯಾನರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಜೋಡಿಸಿ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಬೇಕು. 200ರ ಆಸುಪಾಸು ತೋರಿಸಿದರೆ ಸಿಗ್ನಲ್ ತಲುಪುತ್ತಿದೆ. ಸೊನ್ನೆಯಲ್ಲೇ ನಿಂತಿದ್ದು, ಕ್ರ್ಯಾಂಕ್ ಸೆನ್ಸರಿನ ದೋಷ ಸೂಚಿಸುವ ಪಿ0335 ಕೋಡ್ ಕೂಡ ಬಂದಿದ್ದರೆ ಸೆನ್ಸರ್, ಅದರ ವೈರು, ಕಪ್ಲರ್ ಈ ಮೂರನ್ನು ನೋಡುವ ಮೊದಲು ಬೇರೆಡೆ ಕೈಹಾಕಬೇಕಾಗಿಲ್ಲ.

ಕಪ್ಲರನ್ನು ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಎಷ್ಟೋ ಸಲ ಕಾರಣ ಕಣ್ಣಿಗೇ ಬೀಳುತ್ತದೆ: ಬಾಗಿದ ಪಿನ್, ಹಿಂದಕ್ಕೆ ಸರಿದ ಟರ್ಮಿನಲ್, ಒಳಗೆ ನುಗ್ಗಿದ ಆಯಿಲ್. ಮತ್ತೆ ಹಾಕುವಾಗ 'ಟಕ್' ಎಂದು ಲಾಕ್ ಆಗಬೇಕು. ಸೆನ್ಸರಿನ ತುದಿಗೂ ಹಲ್ಲಿಗೂ ನಡುವಿನ ಅಂತರ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಕೂರುವ ಜಾಗದಲ್ಲಿ ಕೊಳೆ ಉಳಿದರೂ, ಹಳೆಯ ಓ-ರಿಂಗ್ ಒಳಗೇ ಸಿಕ್ಕಿಕೊಂಡರೂ ಅಂತರ ಹೆಚ್ಚಿ ಸಿಗ್ನಲ್ ಸೊರಗುತ್ತದೆ.

ಎರಡು ವೈರಿನ ಸೆನ್ಸರ್ ಬರೀ ಕಾಯಿಲ್ ಮತ್ತು ಮ್ಯಾಗ್ನೆಟ್. ಮಲ್ಟಿಮೀಟರಿನಲ್ಲಿ ಅದರ ಓಮ್ ಅಳೆಯಬಹುದು. ವೈರಿಂಗ್ ರಿಪೇರಿ ಮಾಡುವಾಗ ಇದರ ಎರಡು ವೈರು ಅದಲುಬದಲಾದರೆ ಸಿಗ್ನಲ್ ತಲೆಕೆಳಗಾಗಿ ಇಸಿಯು ಗೊಂದಲಕ್ಕೆ ಬೀಳುತ್ತದೆ. ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ಪರೀಕ್ಷೆ ಪ್ರಯೋಜನವಿಲ್ಲ. ಅಲ್ಲಿ 5 ಅಥವಾ 12 ವೋಲ್ಟ್ ಸಪ್ಲೈ, ಅರ್ಥಿಂಗ್, ಸಿಗ್ನಲ್ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. 5 ವೋಲ್ಟ್ ಬರುತ್ತಿಲ್ಲವೆಂದರೆ ಅದೇ ಲೈನಿನಲ್ಲಿರುವ ಇನ್ನೊಂದು ಸೆನ್ಸರ್ ಶಾರ್ಟ್ ಆಗಿರಲೂ ಸಾಧ್ಯ. ಅದರ ಕಪ್ಲರ್ ತೆಗೆದ ಕೂಡಲೇ ವೋಲ್ಟೇಜ್ ಮರಳಿದರೆ ಕಳ್ಳ ಸಿಕ್ಕಿದ ಹಾಗೆ.

ಆರ್‌ಪಿಎಂ ಸರಿಯಾಗಿ ಬರುತ್ತಿದ್ದೂ ಎಂಜಿನ್ ಹಿಡಿಯದಿದ್ದರೆ ಆಗ ಬೇರೆ ಕಡೆ ನೋಡಬೇಕು. ಫ್ಯೂಸ್ ಹಾರಿದೆಯೇ, ಇಮ್ಮೊಬಿಲೈಸರಿನ ದೀಪ ಮಿನುಗುತ್ತಿದೆಯೇ, ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿಯುತ್ತಿದೆಯೇ ಎಂಬುದನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಡ.

ನೋಡಲು ಒಂದೇ ಥರ ಇದ್ದರೂ ಪಾರ್ಟ್ ನಂಬರ್ ಬೇರೆಯಾಗಿರುವ ಸೆನ್ಸರುಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಆದ್ದರಿಂದ ಕಾರು ಸ್ಟಾರ್ಟ್ ಆಗಿ ಒಂದು ಸುತ್ತು ಓಡುವವರೆಗೆ ಹಳೆಯದನ್ನು ಎಸೆಯಬೇಡಿ. ಅದರ ನಂಬರ್, ಉದ್ದ, ಪಿನ್ನುಗಳನ್ನು ಹೊಸದರ ಪಕ್ಕ ಇಟ್ಟು ಹೋಲಿಸಿ ನೋಡಿ.