ಸಣ್ಣ ಏಟು, ದೊಡ್ಡ ಸಾಲ



ಮನೆಗೆ ಬೆಂಕಿ ಬಿತ್ತು ಎಂದರೆ ಊರೇ ಓಡಿ ಬರುತ್ತದೆ. ಆದರೆ ಮಿಕ್ಸಿ ಸುಟ್ಟುಹೋಯ್ತು, ಹಸುವಿಗೆ ಕೆಚ್ಚಲು ಬಾವು ಬಂತು, ಮಳೆ ಹಿಡಿದು ನಾಲ್ಕು ದಿನ ಕೂಲಿ ತಪ್ಪಿತು ಎಂದರೆ ಯಾರು ಬರುತ್ತಾರೆ? ‘ಅಯ್ಯೋ, ಹೀಗಾಯ್ತಲ್ಲ’ ಎಂದು ನಮ್ಮಷ್ಟಕ್ಕೆ ನಾವೇ ಗೊಣಗಿಕೊಂಡು, ಯಾರಿಗೂ ಹೇಳದೆ ಎಲ್ಲೋ ಒಂದು ಕಡೆ ಕೈಸಾಲ ಎತ್ತುತ್ತೇವೆ. ಏಟು ಸಣ್ಣದೇ. ಅದು ಬಿದ್ದ ಒಂದೆರಡು ದಿನದಲ್ಲಿ ನಾವು ಮಾಡುವ ಅವಸರ ಅದನ್ನು ದೊಡ್ಡದು ಮಾಡಿಬಿಡುತ್ತದೆ.

ಹಸುವಿನ ವಿಷಯವನ್ನೇ ನೋಡೋಣ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದರೆ ಔಷಧಿಯ ಅಂಶ ಹಾಲಿನಲ್ಲಿ ಉಳಿಯುತ್ತದೆ. ಹಾಗಾಗಿ ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಲು ಹಾಕುವಂತಿಲ್ಲ. ಔಷಧಿಯ ಖರ್ಚು ಇವತ್ತೇ ಕಣ್ಣಿಗೆ ಕಾಣುತ್ತದೆ, ಬಟವಾಡೆ ಕಡಿಮೆಯಾದದ್ದು ಆಮೇಲೆ ಗೊತ್ತಾಗುತ್ತದೆ. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಕೂತು ಎರಡನ್ನೂ ಕೂಡಿಸಬೇಕು. ಈಗಲೇ ಬೇಕಾದದ್ದು ಎಷ್ಟು, ಹದಿನೈದು ದಿನ ತಡೆಯುವಂಥದ್ದು ಎಷ್ಟು? ಹಸುವಿನ ಔಷಧಿ ತಡೆಯೋದಿಲ್ಲ. ತಡ ಮಾಡಿದರೆ ಒಂದು ಮೊಲೆಯೇ ಬತ್ತಿಹೋಗಬಹುದು. ಮಿಕ್ಸಿ ತಡೆಯುತ್ತದೆ. ಒರಳುಕಲ್ಲು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ಬಿದ್ದಿದೆ. (ರುಬ್ಬೋದು ಹೆಂಗಸರ ರಟ್ಟೆಗೇ ಬೀಳುವ ಕೆಲಸ ಎಂದು ನಮಗೂ ಗೊತ್ತು. ಆ ಹದಿನೈದು ದಿನ ಗಂಡಸರೂ ಒಂದು ಕೈ ಹಾಕಲಿ.)

ಲೆಕ್ಕ ಹಾಕಿದ ಮೇಲೂ 3,000 ರೂಪಾಯಿ ಬೇಕೇ ಬೇಕು ಎಂದಾಯಿತು ಅನ್ನಿ. ನೂರಕ್ಕೆ ತಿಂಗಳಿಗೆ 10 ರೂಪಾಯಿಯಂತೆ ಹೊರಗಡೆ ತಂದರೆ ಬಡ್ಡಿಯೇ ತಿಂಗಳಿಗೆ 300. ಬರೀ ಬಡ್ಡಿ ಕಟ್ಟುತ್ತಾ ಹೋದರೆ ಹತ್ತು ತಿಂಗಳಲ್ಲಿ 3,000 ಕಟ್ಟಿಯಾಗಿರುತ್ತದೆ, ಅಸಲು ಮಾತ್ರ ಹಾಗೇ ಕೂತಿರುತ್ತದೆ. ಅದೇ ಹಣವನ್ನು ನೂರಕ್ಕೆ 2 ರೂಪಾಯಿಯಂತೆ ಸಂಘದಲ್ಲಿ ತೆಗೆದು ತಿಂಗಳಿಗೆ 300 ಅಸಲು ತೀರಿಸಿದರೆ, ಹತ್ತು ತಿಂಗಳಲ್ಲಿ ಒಟ್ಟು ಬಡ್ಡಿ 330 ರೂಪಾಯಿ. ಸಾಲವೂ ಮುಗಿಯುತ್ತದೆ. ತಿಂಗಳು ತಿಂಗಳು ಕೈಬಿಡುವ ದುಡ್ಡು ಹೆಚ್ಚುಕಡಿಮೆ ಅಷ್ಟೇ.

ಆದರೆ ಸಂಘದಲ್ಲಿ ಕೇಳೋದಕ್ಕೆ ನಾಚಿಕೆ. ಕಂತು ಕಟ್ಟಲು ಆಗದ ವಾರ ಸಭೆಗೇ ಬಾರದೆ, ಯಾರಾದರೂ ಕೇಳಿದರೆ ‘ಹುಷಾರಿರಲಿಲ್ಲ’ ಎನ್ನುವವರಿದ್ದಾರೆ. ಎರಡು ವಾರ ತಪ್ಪಿಸಿದ ಮೇಲೆ ಮೂರನೇ ವಾರ ಬರಲು ಕಾಲೇ ಏಳುವುದಿಲ್ಲ. ಸಭೆಗೆ ಬರಲೇಬೇಕಾದ ವಾರ ಅದೇ ಎಂದು ನಮ್ಮ ಅಭಿಪ್ರಾಯ. ‘ಈ ಸಲ ಆಗೋಲ್ಲ, ಹಸುವಿಗೆ ಹೀಗಾಗಿದೆ, ಇಷ್ಟು ದಿನ ಬಿಟ್ಟು ಕಟ್ತೀನಿ’ ಎಂದು ಮೊದಲೇ ಹೇಳಿದರೆ ಉಳಿದವರು ದಾರಿ ಹುಡುಕಬಹುದು. ಕೇಳುವವರೂ ಅಷ್ಟೇ, ‘ಹೋದ ತಿಂಗಳು ಸೀರೆ ತಗೊಂಡ್ಯಲ್ಲಕ್ಕಾ’ ಎನ್ನುವ ಮಾತು ಬೇಡ. ಹೊರಗಿನ ಕಿರುಸಾಲದವರು ಹೆದರಿಸುವುದು, ಬಲವಂತದಿಂದ ವಸೂಲಿ ಮಾಡುವುದು ಕರ್ನಾಟಕದಲ್ಲಿ 2025ರ ಕಾನೂನಿನಂತೆ ಶಿಕ್ಷಾರ್ಹ ಅಪರಾಧ. ಅಂಥವರಿಗೆ ಹೆದರಿ ಇನ್ನೊಂದು ಕಡೆ ಸಾಲ ಎತ್ತಬೇಡಿ.

ವಿಮೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಒಳ್ಳೆಯದೇ, ಎಲ್ಲರೂ ಮಾಡಿಸಿ. ಆದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಮಾತ್ರ ಅದರಲ್ಲಿ ಹಣ ಬರುತ್ತದೆ. ಕೈ ಮುರಿದು ಒಂದು ತಿಂಗಳು ಕೂಲಿ ಹೋದರೆ ಬರೋದಿಲ್ಲ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅದು 5 ವರ್ಷದ್ದು. ನಾಳೆ ಬೆಳಿಗ್ಗೆ ಬೇಕಾಗುವ ದುಡ್ಡನ್ನು ಅಲ್ಲಿ ಹಾಕಬೇಡಿ. ಸಣ್ಣ ಏಟಿಗೆಂದೇ ಉಳಿತಾಯ ಖಾತೆಯಲ್ಲಿ ಅಥವಾ ಸಂಘದಲ್ಲಿ ಬೇರೆಯಾಗಿ ಒಂದಿಷ್ಟು ಇರಲಿ. ಒಂದು ವಾರದ ಕೂಲಿಯಷ್ಟಾದರೂ ಸಾಕು. ಹಬ್ಬಕ್ಕೆ, ಮದುವೆ ಮುಯ್ಯಿಗೆ ಅದನ್ನು ಮುಟ್ಟಬಾರದು. ಹಬ್ಬ ಬರೋದು ಮೊದಲೇ ಗೊತ್ತಿರುತ್ತದಲ್ಲ.

ಒಮ್ಮೆ ತೆಗೆದರೆ ಅದನ್ನು ಮತ್ತೆ ತುಂಬಿಸಿಡಬೇಕು. ಹಸು ಮತ್ತೆ ಡೇರಿಗೆ ಹಾಲು ಕೊಡಲು ಶುರು ಮಾಡಿದ ಮೇಲೆ ಬರುವ ಮೊದಲ ಬಟವಾಡೆಯಲ್ಲೇ ಐವತ್ತೋ ನೂರೋ ವಾಪಸ್ ಹಾಕಿಬಿಡಿ.